ಶಾಂತಿ ಬೇಕು ಅನ್ನುವ ಹುಡುಗರು ಕೇಳುತ್ತಿರುವುದು ಏನನ್ನು?

ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು "ಈ ಯುದ್ಧಗಳು ನಿಲ್ಲಬೇಕು, ಬಣ್ಣ ನೋಡಿ ಕುಲ ನೋಡಿ ಮನುಷ್ಯರನ್ನು ಕೀಳು ಮಾಡೋದು ನಿಲ್ಲಬೇಕು" ಅಂದರೆ ದೊಡ್ಡವರು ಕೊಡುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, "ಎಷ್ಟು ಒಳ್ಳೆ ಮನಸ್ಸಮ್ಮ ನಿಂದು". ಇನ್ನೊಂದು, "ಪ್ರಪಂಚ ಹಾಗೆಲ್ಲ ನಡೆಯಲ್ಲ, ಮುಂದೆ ನಿಂಗೇ ಗೊತ್ತಾಗುತ್ತೆ". ಹೊಗಳಿದರೂ ಸರಿ, ಬುದ್ಧಿ ಹೇಳಿದರೂ ಸರಿ, ಮಾತು ಅಲ್ಲಿಗೆ ಮುಗಿಯುತ್ತದೆ. ಅವಳು ಹೇಳಿದ್ದರಲ್ಲಿ ಹುರುಳಿದೆಯಾ ಎಂದು ನೋಡುವವರು ಕಡಿಮೆ.

ನನ್ನ ಪ್ರಕಾರ ತುಂಬಾ ಹುರುಳಿದೆ. ಯುದ್ಧ ಮತ್ತು ಜನಾಂಗದ್ವೇಷ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾಳಲ್ಲ, ಅಲ್ಲೇ ಇರುವುದು ವಿಷಯ. ಸರ್ಕಾರಗಳು ಇವೆರಡನ್ನೂ ಬೇರೆ ಬೇರೆ ಇಲಾಖೆಗೆ ಹಂಚಿಬಿಟ್ಟಿವೆ. ಯುದ್ಧ ಅಂದರೆ ರಕ್ಷಣಾ ಇಲಾಖೆ, ವಿದೇಶಾಂಗ. ಜನಾಂಗದ್ವೇಷ ಅಂದರೆ ಸಮಾಜ ಕಲ್ಯಾಣ, ಪೊಲೀಸು, ಹೆಚ್ಚೆಂದರೆ ಶಾಲೆಯ ಒಂದು ಪಾಠ. ಇತಿಹಾಸ ತೆಗೆದು ನೋಡಿದರೆ ಮಾತ್ರ ಇವೆರಡೂ ಕೈ ಕೈ ಹಿಡಿದೇ ಬಂದಿವೆ. ಹುಡುಗರಿಗೆ ಅದು ಕಾಣುತ್ತದೆ.

ಅವರು ಬೆಳೆಯುತ್ತಿರುವ ಕಾಲ ಎಂಥದ್ದು ಅಂತ ಮೊದಲು ನೋಡಿ. ಓಸ್ಲೋದ ಶಾಂತಿ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ, ಸರ್ಕಾರವೊಂದು ಒಂದು ಕಡೆಯಾಗಿ ಕಾದಾಡಿದ ಸಂಘರ್ಷಗಳು 2024ರಲ್ಲಿ 36 ದೇಶಗಳಲ್ಲಿ 61 ಇದ್ದವು. 1946ರಿಂದ ಈಚೆಗೆ ಯಾವ ವರ್ಷದಲ್ಲೂ ಇಷ್ಟು ಇರಲಿಲ್ಲ. ಯುನಿಸೆಫ್ ಪ್ರಕಾರ ಸುಮಾರು 47.3 ಕೋಟಿ ಮಕ್ಕಳು ಸಂಘರ್ಷ ಇರುವ ಜಾಗಗಳಲ್ಲಿ ಬದುಕುತ್ತಿದ್ದಾರೆ. ಅಂದರೆ ಪ್ರಪಂಚದ ಆರು ಮಕ್ಕಳಲ್ಲಿ ಒಬ್ಬರಿಗಿಂತ ಜಾಸ್ತಿ. 1990ರ ದಶಕದಲ್ಲಿ ಇದು ಸುಮಾರು ಹತ್ತರಲ್ಲಿ ಒಬ್ಬರಷ್ಟಿತ್ತು. 2024ರ ಕೊನೆಗೆ ಮನೆ ಬಿಟ್ಟು ಓಡಬೇಕಾಗಿ ಬಂದವರು 12.3 ಕೋಟಿ ಜನ.

ಯುದ್ಧ ಕಾಣದ ಮಕ್ಕಳೂ ಅದರಿಂದ ದೂರ ಇಲ್ಲ. ಮೊಬೈಲಿನಲ್ಲಿ ಒಂದು ಹಾಡು, ಅದರ ಕೆಳಗೆ ಕುಸಿದ ಆಸ್ಪತ್ರೆ, ಅದರ ಕೆಳಗೆ ಯಾರೋ ಕುಣಿಯುತ್ತಿರುವ ವಿಡಿಯೋ, ಅದರ ಕೆಳಗೆ ಮಗುವನ್ನು ಎತ್ತಿಕೊಂಡು ಓಡುತ್ತಿರುವ ಅಪ್ಪ. ಆ ಅಪ್ಪನ ವಿಡಿಯೋ ಕೆಳಗೆ ಕಾಮೆಂಟುಗಳು. "ಇವರಿಗೆ ಹೀಗೇ ಆಗಬೇಕು" ಅನ್ನುವಂಥವು. ಹದಿನೈದು ವರ್ಷದ ಮಗು ಬಾಂಬನ್ನೂ ಆ ಕಾಮೆಂಟನ್ನೂ ಒಟ್ಟಿಗೆ ನೋಡುತ್ತದೆ. ಸುಮ್ನೆ ಎರಡು ಬೇರೆ ವಿಷಯ ಅಂತ ನಾವು ಹೇಳಿದರೆ ಅದು ನಂಬುವುದಾದರೂ ಹೇಗೆ?

ಕಾನೂನು ಕೂಡ ಇದನ್ನು ಒಂದೇ ವಿಷಯ ಅಂತ ನೋಡಿದ್ದು ಎಷ್ಟೋ ಜನರಿಗೆ ಗೊತ್ತಿಲ್ಲ. 1966ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯಲ್ಲಿ 20ನೇ ವಿಧಿ ಇದೆ. ಬಹಳ ಚಿಕ್ಕದು, ಎರಡೇ ಸಾಲು. ಮೊದಲ ಸಾಲು, ಯುದ್ಧದ ಪರವಾದ ಪ್ರಚಾರವನ್ನು ಕಾನೂನು ನಿಷೇಧಿಸಬೇಕು ಎನ್ನುತ್ತದೆ. ಎರಡನೆಯದು, ತಾರತಮ್ಯಕ್ಕೆ, ಹಗೆತನಕ್ಕೆ, ಹಿಂಸೆಗೆ ಕುಮ್ಮಕ್ಕು ಕೊಡುವ ರಾಷ್ಟ್ರೀಯ, ಜನಾಂಗೀಯ, ಧಾರ್ಮಿಕ ದ್ವೇಷದ ಪ್ರಚಾರವನ್ನೂ ನಿಷೇಧಿಸಬೇಕು ಎನ್ನುತ್ತದೆ. ಒಂದೇ ವಿಧಿಯಲ್ಲಿ, ಒಂದರ ಕೆಳಗೆ ಒಂದು. ಅಮೆರಿಕದಂಥ ದೇಶಗಳು ವಾಕ್ ಸ್ವಾತಂತ್ರ್ಯದ ಕಾರಣ ಕೊಟ್ಟು ಈ ವಿಧಿಗೆ ತಕರಾರು ದಾಖಲಿಸಿವೆ, ಆ ಚರ್ಚೆ ಬೇರೆ. ಎರಡನೇ ಮಹಾಯುದ್ಧ ಕಂಡವರು ಇವೆರಡನ್ನೂ ಪಕ್ಕ ಪಕ್ಕದಲ್ಲಿ ಇಟ್ಟರು ಅನ್ನುವುದು ನನಗೆ ಮುಖ್ಯ.

ಅದಕ್ಕೂ ಮೊದಲು, 1945ರ ಯುನೆಸ್ಕೋ ಸಂವಿಧಾನದಲ್ಲಿ ಇದು ಇನ್ನೂ ನೇರವಾಗಿ ಬಂದಿದೆ. ಯುದ್ಧಗಳು ಮನುಷ್ಯರ ಮನಸ್ಸಿನಲ್ಲಿ ಹುಟ್ಟುತ್ತವೆ ಎನ್ನುವ ಅದರ ಮೊದಲ ಮಾತನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಸ್ವಲ್ಪ ಕೆಳಗೆ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದಿಲ್ಲ. ಆಗಷ್ಟೇ ಮುಗಿದ ಆ ಭೀಕರ ಯುದ್ಧ ಸಾಧ್ಯವಾದದ್ದಕ್ಕೆ ಒಂದು ಕಾರಣ, ಮನುಷ್ಯರು ಮತ್ತು ಜನಾಂಗಗಳು ಸಮಾನವಲ್ಲ ಎನ್ನುವ ಸಿದ್ಧಾಂತವನ್ನು ಅಜ್ಞಾನ ಮತ್ತು ಪೂರ್ವಗ್ರಹದ ಮೂಲಕ ಹರಡಿದ್ದು ಎಂದು ಅಲ್ಲಿ ಬರೆದಿದ್ದಾರೆ.

ಇದು ಕೆಲಸ ಮಾಡುವುದು ಹೇಗೆ ಅಂತ ನೋಡಬೇಕಾದರೆ ಆಫ್ರಿಕಾದ ರುವಾಂಡಾಗಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಅಲ್ಲಿನ ಹುಟು ಮತ್ತು ಟುಟ್ಸಿ ಜನ ಮಾತಾಡುವುದು ಒಂದೇ ಭಾಷೆ. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕದ ಮನೆ. ಮದುವೆಗಳೂ ನಡೆಯುತ್ತಿದ್ದವು. 1930ರ ದಶಕದಲ್ಲಿ ಬೆಲ್ಜಿಯಂನ ವಸಾಹತು ಆಡಳಿತ ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಕೊಟ್ಟಿತು, ಅದರ ಮೇಲೆ ಜನಾಂಗ ಯಾವುದು ಅಂತ ಬರೆಯಿತು. ಅಪ್ಪನಿಂದ ಮಗನಿಗೆ ಅದೇ ಮುಂದುವರಿಯಿತು. ಸ್ವಾತಂತ್ರ್ಯ ಬಂದ ಮೇಲೂ ಚೀಟಿ ಹೋಗಲಿಲ್ಲ.

ಆಮೇಲೆ ರೇಡಿಯೋ ಬಂತು. 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ ಅನ್ನುವ ಸ್ಟೇಷನ್ ಒಳ್ಳೊಳ್ಳೆ ಹಾಡು ಹಾಕುತ್ತಿತ್ತು, ತಮಾಷೆಯಾಗಿ ಮಾತಾಡುತ್ತಿತ್ತು, ಹುಡುಗರಿಗೆ ಇಷ್ಟವಾಗುವ ಹಾಗೆ. ಮಧ್ಯೆ ಮಧ್ಯೆ ಟುಟ್ಸಿಗಳನ್ನು ಜಿರಳೆಗಳು ಅನ್ನುತ್ತಿತ್ತು. 1994ರ ಏಪ್ರಿಲ್‌ನಲ್ಲಿ ಕೊಲೆ ಶುರುವಾದಾಗ ರಸ್ತೆಗೆ ಅಡ್ಡಗಟ್ಟಿ ನಿಂತವರು ಕೇಳಿದ್ದು ಆ ಗುರುತಿನ ಚೀಟಿಯನ್ನೇ. ಅದರಲ್ಲಿ ಟುಟ್ಸಿ ಅಂತ ಇದ್ದರೆ ಕಥೆ ಮುಗಿಯಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು. ಕೊಂದವರಲ್ಲಿ ಮುಂದೆ ನಿಂತದ್ದು ಇಂಟರಹಾಮ್ವೆ ಅನ್ನುವ ಪಡೆ. ಅದು ಹುಟ್ಟಿದ್ದು ಆಳುವ ಪಕ್ಷದ ಯುವ ಘಟಕವಾಗಿ. ದ್ವೇಷದ ಯಂತ್ರ ಓಡುವುದಕ್ಕೆ ಎಳೆಯ ಕೈಗಳು ಬೇಕು, ಕೈಗೆ ಕೆಲಸ ಇಲ್ಲದ, ಯಾರೂ ಕ್ಯಾರೇ ಅನ್ನದ ಹುಡುಗರು ಅದಕ್ಕೆ ಬೇಗ ಸಿಗುತ್ತಾರೆ.

ಆದರೆ ಅದೇ ರುವಾಂಡಾದಲ್ಲಿ ಇನ್ನೊಂದು ಘಟನೆ ನಡೆಯಿತು, ಅದು ಪ್ರಪಂಚಕ್ಕೆ ಅಷ್ಟಾಗಿ ಗೊತ್ತಿಲ್ಲ. ನರಮೇಧ ಮುಗಿದು ಹತ್ತಿರ ಹತ್ತಿರ ಮೂರು ವರ್ಷವಾಗಿತ್ತು. ಗಡಿಯಾಚೆಯಿಂದ ಸಶಸ್ತ್ರ ಗುಂಪುಗಳು ಇನ್ನೂ ನುಗ್ಗುತ್ತಿದ್ದವು. 1997ರ ಮಾರ್ಚ್ 18ರ ರಾತ್ರಿ ಪಶ್ಚಿಮದ ನ್ಯಾಂಗೆ ಅನ್ನುವ ಊರಿನ ಪ್ರೌಢಶಾಲೆಗೆ ಅಂಥ ಒಂದು ಗುಂಪು ನುಗ್ಗಿತು. ದೊಡ್ಡ ತರಗತಿಯ ಮಕ್ಕಳು ಓದುತ್ತಾ ಕೂತಿದ್ದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಎಂದರು. ಮಕ್ಕಳು ಅಲುಗಲಿಲ್ಲ. ಇಲ್ಲಿ ಹುಟು ಟುಟ್ಸಿ ಅಂತ ಇಲ್ಲ, ನಾವೆಲ್ಲ ರುವಾಂಡಾದವರು ಎಂದರು. ಗುಂಡು ಹಾರಿತು, ಗ್ರೆನೇಡ್ ಬಿತ್ತು. ಕೆಲವರು ಸತ್ತರು, ತುಂಬಾ ಮಕ್ಕಳಿಗೆ ಗಾಯವಾಯಿತು. ಇವತ್ತು ಆ ಶಾಲೆಯ ಮಕ್ಕಳನ್ನು ಆ ದೇಶ ತನ್ನ ವೀರರ ಪಟ್ಟಿಯಲ್ಲಿ ಇಟ್ಟಿದೆ.

ಈ ಘಟನೆಯನ್ನು ಯೋಚಿಸಿದಾಗೆಲ್ಲ ನನಗೆ ಅನ್ನಿಸುವುದು ಇಷ್ಟು. ಆ ಹುಟು ಮಕ್ಕಳು ಎದ್ದು ಒಂದು ಕಡೆ ಹೋಗಿ ನಿಂತಿದ್ದರೆ ಸಾಕಿತ್ತು, ಬದುಕುತ್ತಿದ್ದರು. ಯಾರ ಮೇಲೂ ಕೈ ಎತ್ತಬೇಕಾಗಿರಲಿಲ್ಲ. ಬರೀ ಜಾಗ ಬದಲಿಸಬೇಕಿತ್ತು. ಮನುಷ್ಯರನ್ನು ವಿಂಗಡಿಸುವ ಆ ಒಂದು ಕ್ಷಣದಲ್ಲೇ ಕೊಲೆ ಅರ್ಧ ಮುಗಿದಿರುತ್ತದೆ ಅಂತ ಅವರಿಗೆ ಗೊತ್ತಿತ್ತು. ಶಾಂತಿಯ ಆಸೆ ಮೆತ್ತಗಿನ ಭಾವನೆ ಅನ್ನುವವರು ನ್ಯಾಂಗೆ ಬಗ್ಗೆ ಓದಬೇಕು.

ಹಾಗಂತ ಆ ದೇಶದ ಕಥೆ ಸುಖವಾಗಿ ಮುಗಿದಿದೆ ಅಂತ ನಾನು ಹೇಳುತ್ತಿಲ್ಲ. ಚೀಟಿಯಿಂದ ಜನಾಂಗದ ಹೆಸರು ಹೋಯಿತು, ಒಳ್ಳೆಯದೇ. ಆದರೆ 2025ರ ಜನವರಿಯಲ್ಲಿ ಪಕ್ಕದ ಕಾಂಗೋದ ಗೋಮಾ ನಗರವನ್ನು ವಶಪಡಿಸಿಕೊಂಡ ಎಂ23 ಬಂಡುಕೋರರಿಗೆ ರುವಾಂಡಾದ ಬೆಂಬಲ ಇದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಕೊಟ್ಟಿದ್ದಾರೆ. ಒಮ್ಮೆ ನೊಂದವರು ಮತ್ತೆ ಯಾರನ್ನೂ ನೋಯಿಸುವುದಿಲ್ಲ ಅನ್ನುವ ಗ್ಯಾರಂಟಿ ಎಲ್ಲೂ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ದ್ವೇಷ ಮನುಷ್ಯನ ಸ್ವಭಾವದಲ್ಲೇ ಇದ್ದರೆ ಏನು ಮಾಡುವುದು? ಇದಕ್ಕೆ ಹೆನ್ರಿ ತಾಜ್ಫೆಲ್ ಅನ್ನುವ ಮನಶ್ಶಾಸ್ತ್ರಜ್ಞ ಮಾಡಿದ ಒಂದು ಪ್ರಯೋಗ ನೆನಪಾಗುತ್ತದೆ. ಅವರು ಪೋಲೆಂಡಿನ ಯಹೂದಿ. ಯುದ್ಧದಲ್ಲಿ ಸೆರೆ ಸಿಕ್ಕಿದ್ದರು, ಬಿಡುಗಡೆಯಾಗಿ ಬಂದಾಗ ಮನೆಯವರು ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಅವರ ಪ್ರಶ್ನೆ, ಮನುಷ್ಯರ ಗುಂಪುಗಳ ಮಧ್ಯೆ ತಾರತಮ್ಯ ಶುರುವಾಗಲು ಕನಿಷ್ಠ ಏನು ಬೇಕು?

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು ಹದಿನೈದರ ಶಾಲೆ ಹುಡುಗರನ್ನು ಕರೆದರು. ಪರದೆ ಮೇಲೆ ಚುಕ್ಕೆಗಳನ್ನು ಕ್ಷಣಮಾತ್ರ ತೋರಿಸಿ ಎಷ್ಟಿವೆ ಹೇಳಿ ಎಂದರು. ಆಮೇಲೆ, ನೀನು ಜಾಸ್ತಿ ಎಣಿಸುವವರ ಗುಂಪು, ನೀನು ಕಡಿಮೆ ಎಣಿಸುವವರ ಗುಂಪು ಎಂದು ಒಬ್ಬೊಬ್ಬರಿಗೂ ಹೇಳಿದರು. ನಿಜಕ್ಕೂ ಗುಂಪು ಮಾಡಿದ್ದು ಮನಸ್ಸಿಗೆ ಬಂದ ಹಾಗೆ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ಬೇರೆ ಇಬ್ಬರು ಹುಡುಗರಿಗೆ ಅಂಕ ಹಂಚಲು ಹೇಳಿದರು, ಅಂಕಕ್ಕೆ ಕಾಸು ಸಿಗುತ್ತಿತ್ತು. ಆ ಇಬ್ಬರು ಯಾರು ಅಂತ ಗೊತ್ತಿಲ್ಲ. ಬರೀ ನಂಬರು, ಮತ್ತೆ ಯಾವ ಗುಂಪು ಅನ್ನುವುದು ಅಷ್ಟೇ. ತಮಗೆ ಇದರಿಂದ ಏನೂ ಸಿಗುವುದಿಲ್ಲ. ಆದರೂ ಹುಡುಗರು ತಮ್ಮ ಗುಂಪಿನವನಿಗೇ ಜಾಸ್ತಿ ಕೊಟ್ಟರು. ಆಮೇಲಿನ ಪ್ರಯೋಗದಲ್ಲಿ ಇನ್ನೂ ಬೇಸರದ ವಿಷಯ ಕಂಡಿತು. ತಮ್ಮವನಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಆ ಕಡೆಯವನಿಗಿಂತ ಅಂತರ ಜಾಸ್ತಿ ಇರಬೇಕು ಅನ್ನುವ ಕಡೆಗೆ ಅವರ ಆಯ್ಕೆ ವಾಲಿತು. 1970ರಲ್ಲಿ ಇದು ಪ್ರಕಟವಾಯಿತು.

ಇದನ್ನು ಓದಿ "ನೋಡಿ, ಮನುಷ್ಯ ಹುಟ್ಟಿದ್ದೇ ಹೀಗೆ" ಎನ್ನುವವರಿದ್ದಾರೆ. ನನಗೆ ಇದರಲ್ಲಿ ಬೇರೆಯೇ ಕಾಣುತ್ತದೆ. ಆ ಹುಡುಗರ ಮಧ್ಯೆ ಹಳೇ ವೈರ ಇರಲಿಲ್ಲ, ಒಬ್ಬರಿಗೊಬ್ಬರ ಮೇಲೆ ಸಿಟ್ಟೂ ಇರಲಿಲ್ಲ. ಗೆರೆ ಎಳೆದದ್ದು ಪ್ರಯೋಗ ಮಾಡಿದವರು. ಪಕ್ಷಪಾತ ಮಾಡುವ ಒಲವು ಮನುಷ್ಯನಲ್ಲಿ ಇರಬಹುದು, ಗೆರೆ ಎಲ್ಲಿ ಬೀಳಬೇಕು ಅನ್ನುವುದನ್ನು ಮಾತ್ರ ಯಾವಾಗಲೂ ಅಧಿಕಾರ ಇರುವ ಯಾರೋ ತೀರ್ಮಾನಿಸಿರುತ್ತಾರೆ. ಬಣ್ಣ, ಭಾಷೆ, ಧರ್ಮ, ಗುರುತಿನ ಚೀಟಿ, ಯಾವುದಾದರೂ ಆಗುತ್ತದೆ. ಬೇರೆ ಕಡೆ ಎಳೆದರೆ ಬೇರೆ ಗುಂಪು ಆಗುತ್ತದೆ, ಎಳೆಯದೇ ಇರಲಿಕ್ಕೂ ಆಗುತ್ತದೆ.

ಯುದ್ಧ ಶುರುವಾದ ಮೇಲೂ ಈ ಗೆರೆಗಳು ಕೆಲಸ ಮಾಡುತ್ತಲೇ ಇರುತ್ತವೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಅಲ್ಲಿ ಓದುತ್ತಿದ್ದ ಸಾವಿರಾರು ಆಫ್ರಿಕಾ, ಏಷ್ಯಾದ ವಿದ್ಯಾರ್ಥಿಗಳೂ ಗಡಿಯ ಕಡೆ ಓಡಿದರು. ರೈಲಿನಲ್ಲಿ, ಗಡಿಯಲ್ಲಿ ತಮ್ಮನ್ನು ಹಿಂದಕ್ಕೆ ತಳ್ಳಿದರು ಎಂದು ಅವರಲ್ಲಿ ಹಲವರು ಹೇಳಿದರು. ಎಂಥ ಸಂಘರ್ಷದಲ್ಲೂ ಗಡಿ ದಾಟುವ ಹಕ್ಕು ಎಲ್ಲರಿಗೂ ಒಂದೇ, ಆಫ್ರಿಕನ್ನರನ್ನು ಬೇರೆ ಮಾಡಿ ನೋಡುವುದು ಜನಾಂಗದ್ವೇಷ ಎಂದು ಆಫ್ರಿಕನ್ ಒಕ್ಕೂಟ ಫೆಬ್ರವರಿ 28ರಂದೇ ಹೇಳಿಕೆ ಕೊಡಬೇಕಾಯಿತು. ಅದೇ ಬಾಂಬು, ಅದೇ ಚಳಿ, ಸಾಲು ಮಾತ್ರ ಬೇರೆ.

ಅದಾದ ಕೆಲವೇ ದಿನಗಳಲ್ಲಿ ಯುರೋಪಿಯನ್ ಒಕ್ಕೂಟ ಒಂದು ಒಳ್ಳೆಯ ಕೆಲಸ ಮಾಡಿತು. ಉಕ್ರೇನಿನವರಿಗೆ ಕೂಡಲೇ ಇರಲು, ದುಡಿಯಲು, ಮಕ್ಕಳನ್ನು ಶಾಲೆಗೆ ಸೇರಿಸಲು ಹಕ್ಕು ಕೊಟ್ಟಿತು. ಅದಕ್ಕೆ ಬಳಸಿದ್ದು 2001ರಲ್ಲೇ ಮಾಡಿಟ್ಟಿದ್ದ ತಾತ್ಕಾಲಿಕ ರಕ್ಷಣೆಯ ನಿಯಮ. ಇಪ್ಪತ್ತು ವರ್ಷ ಅದನ್ನು ಒಮ್ಮೆಯೂ ಬಳಸಿರಲಿಲ್ಲ. 2015ರಲ್ಲಿ ಸಿರಿಯಾದಿಂದ ಲಕ್ಷಾಂತರ ಜನ ಬಂದಾಗಲೂ ಇಲ್ಲ. ಉಕ್ರೇನಿನವರಿಗೆ ಬಾಗಿಲು ತೆರೆದದ್ದು ನೂರಕ್ಕೆ ನೂರು ಸರಿ, ಅದರಲ್ಲಿ ಎರಡು ಮಾತಿಲ್ಲ. ತೆರೆಯಲು ಸಾಧ್ಯವಿತ್ತು ಅನ್ನುವುದೂ ಅದರಿಂದಲೇ ಸಾಬೀತಾಯಿತಲ್ವಾ? ಇದನ್ನೆಲ್ಲ ನೋಡಿಕೊಂಡು ಬೆಳೆದ ಹುಡುಗನಿಗೆ ಯಾರ ಜೀವಕ್ಕೆ ಎಷ್ಟು ಬೆಲೆ ಅನ್ನುವುದು ಯಾರೂ ಬಾಯಿಬಿಟ್ಟು ಹೇಳದೆಯೇ ಅರ್ಥವಾಗಿರುತ್ತದೆ. ಅವನ ಸಿಟ್ಟಿನ ಮೂಲ ಅಲ್ಲಿದೆ.

ಈ ಸಿಟ್ಟು ಹೊಸದಲ್ಲ. ಬಾಕ್ಸರ್ ಮುಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲು ನಿರಾಕರಿಸಿದಾಗ ಅವರಿಗೆ 25 ವರ್ಷ. ಪಟ್ಟ ಕಿತ್ತುಕೊಂಡರು, ರಿಂಗಿಗೆ ಇಳಿಯದ ಹಾಗೆ ಮಾಡಿದರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಶಿಕ್ಷೆ ರದ್ದು ಮಾಡಿತು. ಅದೇ 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ಚರ್ಚೊಂದರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಸ್ವಂತ ದೇಶದಲ್ಲೇ ಸ್ವಾತಂತ್ರ್ಯ ಸಿಗದ ಕಪ್ಪು ಹುಡುಗರನ್ನು ಎಂಟು ಸಾವಿರ ಮೈಲಿ ದೂರ ಬೇರೆಯವರ ಸ್ವಾತಂತ್ರ್ಯ ಕಾಯಲು ಕಳಿಸುತ್ತಿದ್ದೇವೆ ಎಂದಿದ್ದರು. ನಾಗರಿಕ ಹಕ್ಕಿನ ಬಗ್ಗೆ ಮಾತಾಡು, ಯುದ್ಧದ ಬಗ್ಗೆ ನಿನಗೇಕೆ ಎಂದು ಅವರ ಜೊತೆಯವರೇ ಕೆಲವರು ಬೈದರು. ಎರಡನ್ನೂ ಸೇರಿಸಿ ಮಾತಾಡುವವರಿಗೆ ಆಗಲೂ ಇದೇ ಉತ್ತರ ಸಿಗುತ್ತಿತ್ತು.

ಅವರಿಗಿಂತ ಚಿಕ್ಕವರೂ ಇದ್ದರು. 1965ರ ಡಿಸೆಂಬರ್‌ನಲ್ಲಿ ಅಯೋವಾ ರಾಜ್ಯದ ಡೆ ಮೊಯಿನ್ ನಗರದಲ್ಲಿ ಕೆಲವು ಶಾಲಾ ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ತರಗತಿಗೆ ಹೋದರು. ವಿಯೆಟ್ನಾಂನಲ್ಲಿ ಎರಡೂ ಕಡೆ ಸತ್ತವರ ನೆನಪಿಗೆ, ಕದನವಿರಾಮ ಬೇಕು ಅನ್ನುವುದಕ್ಕೆ. ಗಲಾಟೆ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಶಾಲೆಯಿಂದ ಸಸ್ಪೆಂಡ್ ಆದರು. ಅವರಲ್ಲಿ ಮೇರಿ ಬೆತ್ ಟಿಂಕರ್ ಅನ್ನುವ ಹುಡುಗಿಗೆ ಆಗ ಹದಿಮೂರು. 1969ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಮಕ್ಕಳ ಪರ ನಿಂತರು, ಇಬ್ಬರು ವಿರುದ್ಧ. ಶಾಲೆಯ ಗೇಟಿನ ಹತ್ತಿರ ಮಕ್ಕಳು ತಮ್ಮ ಮಾತಿನ ಹಕ್ಕನ್ನು ಬಿಟ್ಟು ಒಳಗೆ ಬರುವುದಿಲ್ಲ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. "ಎರಡೂ ಕಡೆ ಸತ್ತವರು" ಅನ್ನುವುದನ್ನು ಗಮನಿಸಿ. ಶತ್ರು ಅಂತ ಹೇಳಿಕೊಟ್ಟವರ ಸಾವಿಗೂ ಹದಿಮೂರರ ಮಗು ದುಃಖಪಟ್ಟಿತು, ಶಾಲೆಯವರಿಗೆ ತಡೆಯಲಾಗದೇ ಹೋದದ್ದು ಅದೇ ಇರಬೇಕು.

ಈಗ ಅಧಿಕಾರದ ಮಾತಿಗೆ ಬರುತ್ತೇನೆ. ಯುದ್ಧದಲ್ಲಿ ಬಂದೂಕು ಹಿಡಿಯುವವರು ಹೆಚ್ಚಾಗಿ ಯುವಕರು. ಮನೆ ಮಠ, ಓದು ಕಳೆದುಕೊಳ್ಳುವವರಲ್ಲೂ ಅವರೇ ಜಾಸ್ತಿ. ತೀರ್ಮಾನ ಮಾಡುವವರು ಯಾರು? ಪ್ರಪಂಚದ ಜನಸಂಖ್ಯೆಯಲ್ಲಿ ಅರ್ಧದಷ್ಟು ಜನ 30ರ ಒಳಗಿನವರು. ಸಂಸತ್ತುಗಳಲ್ಲಿ ಆ ವಯಸ್ಸಿನವರು ನೂರಕ್ಕೆ ಮೂವರೂ ಇಲ್ಲ ಎನ್ನುತ್ತದೆ ಅಂತರ ಸಂಸದೀಯ ಒಕ್ಕೂಟದ ಲೆಕ್ಕ. ಅಮೆರಿಕದಲ್ಲಿ 18ಕ್ಕೇ ಯುದ್ಧಕ್ಕೆ ಕರೆಯುತ್ತಿದ್ದರು, ವೋಟು ಮಾತ್ರ 21ಕ್ಕೆ. 1971ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿ ಅದನ್ನು ಸರಿಮಾಡುವಷ್ಟರಲ್ಲಿ ವಿಯೆಟ್ನಾಂನಿಂದ ಸಾವಿರಾರು ಹುಡುಗರ ಶವ ಬಂದಾಗಿತ್ತು. ನೈಜೀರಿಯಾದಲ್ಲಿ ಯುವಜನರೇ ಚಳವಳಿ ಮಾಡಿ 2018ರಲ್ಲಿ ಸಂಸತ್ತಿನ ಕೆಳಮನೆಗೆ ನಿಲ್ಲುವ ವಯಸ್ಸನ್ನು 30ರಿಂದ 25ಕ್ಕೆ, ಅಧ್ಯಕ್ಷ ಸ್ಥಾನಕ್ಕೆ 40ರಿಂದ 35ಕ್ಕೆ ಇಳಿಸಿಕೊಂಡರು.

ಶಾಂತಿ ಮಾತುಕತೆಯಲ್ಲಿ ಯುವಜನರಿಗೆ ಜಾಗ ಇರಬೇಕು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿದ್ದೇ 2015ರ ಡಿಸೆಂಬರ್ 9ರಂದು, 2250ನೇ ನಿರ್ಣಯದಲ್ಲಿ. 18ರಿಂದ 29ರ ವಯಸ್ಸಿನವರನ್ನು ಅದು ಯುವಜನ ಎನ್ನುತ್ತದೆ. ಅಲ್ಲಿವರೆಗೂ ಭದ್ರತೆಯ ಭಾಷೆಯಲ್ಲಿ ಯುವಕ ಅಂದರೆ ಹೆಚ್ಚಾಗಿ ಅಪಾಯ, ಉಗ್ರವಾದಕ್ಕೆ ಬೀಳುವವನು, ಕಣ್ಣಿಡಬೇಕಾದವನು. ಯುವಜನರಲ್ಲಿ ಬಹುಪಾಲು ಯಾವ ಹಿಂಸೆಗೂ ಹೋಗುವವರಲ್ಲ. ಆದರೂ ಒಂದು ಇಡೀ ತಲೆಮಾರನ್ನು ಶಂಕಿತರ ಹಾಗೆ ನೋಡುವ ಅಭ್ಯಾಸ ಹೋಗಿಲ್ಲ. ಇನ್ನು ದುಡ್ಡು. 2024ರಲ್ಲಿ ಪ್ರಪಂಚ ಸೈನ್ಯಕ್ಕೆ ಖರ್ಚು ಮಾಡಿದ್ದು ಸುಮಾರು 2.7 ಲಕ್ಷ ಕೋಟಿ ಡಾಲರ್ ಎಂದು ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಲೆಕ್ಕ ಹಾಕಿದೆ. ಅದೇ ಹೊತ್ತಿಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳ ವರ್ಷದ ಬಜೆಟ್ಟು ಸುಮಾರು 560 ಕೋಟಿ ಡಾಲರ್. ಯಾವುದನ್ನು ನಂಬಿದ್ದೇವೆ ಅನ್ನುವುದು ಈ ಎರಡು ಅಂಕಿಯಲ್ಲೇ ಇದೆ.

ಸರಿ, ಶಾಂತಿ ಅಂದರೆ ಯಾವ ಶಾಂತಿ? ನಾರ್ವೆಯ ಶಾಂತಿ ಸಂಶೋಧಕ ಯೋಹಾನ್ ಗಾಲ್ಟುಂಗ್ 1969ರಲ್ಲೇ ಒಂದು ವ್ಯತ್ಯಾಸ ಹೇಳಿದ್ದರು. ಗುಂಡಿನ ಸದ್ದು ನಿಂತರೆ ಅದು ಒಂದು ಬಗೆ. ಜನರನ್ನು ನಿಧಾನವಾಗಿ ಕೊಲ್ಲುವ ಅನ್ಯಾಯವೂ ಹೋದರೆ ಇನ್ನೊಂದು ಬಗೆ. ಉತ್ತರ ಐರ್ಲೆಂಡ್ ನೋಡಿ. 1998ರ ಏಪ್ರಿಲ್ 10ರ ಒಪ್ಪಂದ ಅಲ್ಲಿ ಮೂರು ದಶಕದ ರಕ್ತಪಾತ ನಿಲ್ಲಿಸಿತು, ಸಣ್ಣ ಮಾತಲ್ಲ. ಆದರೆ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಬೀದಿಗಳ ಮಧ್ಯೆ ಕಟ್ಟಿದ ಎತ್ತರದ ಗೋಡೆಗಳು ಇವತ್ತೂ ಇವೆ. 2023ರೊಳಗೆ ಎಲ್ಲ ಕೆಡವುತ್ತೇವೆ ಎಂದು ಸರ್ಕಾರ 2013ರಲ್ಲಿ ಹೇಳಿತ್ತು, ಆಗಲಿಲ್ಲ. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಓದಲಿ ಅಂತ ಕೆಲವು ತಂದೆತಾಯಂದಿರು 1981ರಲ್ಲಿ 28 ಮಕ್ಕಳನ್ನು ಇಟ್ಟುಕೊಂಡು ಲಗನ್ ಕಾಲೇಜು ಅನ್ನುವ ಶಾಲೆ ಶುರುಮಾಡಿದರು. ಅಂಥ ಶಾಲೆಗಳು ಈಗ ಹತ್ತಾರು ಇವೆ. ಆದರೂ ಹತ್ತರಲ್ಲಿ ಒಂಬತ್ತು ಮಕ್ಕಳು ಇನ್ನೂ ಹೆಚ್ಚಾಗಿ ತಮ್ಮವರೇ ಇರುವ ಶಾಲೆಗೆ ಹೋಗುತ್ತಾರೆ. ಒಪ್ಪಂದ ಆದ ಮೇಲೆ ಹುಟ್ಟಿದ ಮಕ್ಕಳು ಇವರು. ಅವರ ಶಾಂತಿ ಇನ್ನೂ ಅರ್ಧದಲ್ಲೇ ನಿಂತಿದೆ ಅಂತ ನಾನು ಅಂದುಕೊಂಡಿದ್ದೇನೆ.

ಒಟ್ಟಿಗೆ ಕೂರಿಸಿದರೆ ಎಲ್ಲ ಸರಿಹೋಗುತ್ತದಾ? ಇಲ್ಲ, ಹೇಗೆ ಕೂರಿಸುತ್ತೇವೆ ಅನ್ನುವುದರ ಮೇಲೆ ಹೋಗುತ್ತದೆ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬಿಳಿ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ತಂದಾಗ ಜಗಳ ಹೊಡೆದಾಟ ಜಾಸ್ತಿಯಾಯಿತು. ಎಲಿಯಟ್ ಆರನ್ಸನ್ ಅನ್ನುವ ಮನಶ್ಶಾಸ್ತ್ರಜ್ಞ ತರಗತಿಯಲ್ಲಿ ಕೂತು ನೋಡಿದರು. ಎಲ್ಲರೂ ಮೇಷ್ಟ್ರ ಗಮನಕ್ಕೆ ಪೈಪೋಟಿ ಮಾಡುತ್ತಿದ್ದರು. ಅವರು ಪಾಠವನ್ನೇ ತುಂಡು ಮಾಡಿದರು. ಐದಾರು ಮಕ್ಕಳ ಮಿಶ್ರ ಗುಂಪು, ಒಬ್ಬೊಬ್ಬರಿಗೂ ಪಾಠದ ಒಂದೊಂದು ತುಂಡು. ಪೂರ್ತಿ ಪಾಠ ಯಾರ ಹತ್ತಿರವೂ ಇಲ್ಲ. ಒಬ್ಬ ಹುಡುಗ ತಡವರಿಸುತ್ತಾ ಹೇಳಿದರೂ ಉಳಿದವರು ಕಿವಿಗೊಡಲೇಬೇಕು, ಇಲ್ಲದಿದ್ದರೆ ಪರೀಕ್ಷೆಯಲ್ಲಿ ಅವರಿಗೇ ನಷ್ಟ. ಮೊದಮೊದಲು ಗೇಲಿ ಮಾಡುತ್ತಿದ್ದ ಮಕ್ಕಳೇ ಕ್ರಮೇಣ ಸರಿಯಾದ ಪ್ರಶ್ನೆ ಕೇಳಿ ಅವನಿಂದ ಮಾತು ಹೊರಡಿಸಲು ಕಲಿತರು. ಕೆಲವೇ ವಾರಗಳಲ್ಲಿ ಮಕ್ಕಳ ನಡವಳಿಕೆ ಬದಲಾಯಿತು.

ಇದಕ್ಕೂ ಮಿತಿ ಇದೆ. ಐಸಿಸ್ ಹಾವಳಿಯಿಂದ ಊರು ಬಿಟ್ಟಿದ್ದ ಇರಾಕಿನ ಕ್ರೈಸ್ತ ಯುವಕರ ಫುಟ್‌ಬಾಲ್ ತಂಡಗಳ ಮೇಲೆ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದ್ದರು. ಹಾಗೆ ಒಟ್ಟಿಗೆ ಆಡಿದವರು ತಿಂಗಳುಗಳ ಮೇಲೂ ಮುಸ್ಲಿಂ ಆಟಗಾರರ ಜೊತೆ ಅಭ್ಯಾಸ ಮಾಡುತ್ತಿದ್ದರು, ಮಿಶ್ರ ತಂಡಕ್ಕೆ ಹೆಸರು ಕೊಟ್ಟರು. ಆದರೆ ಹಿಂದೆ ಐಸಿಸ್ ಹಿಡಿತದಲ್ಲಿದ್ದ ಮೋಸುಲ್ ನಗರಕ್ಕೆ ಹೋಗಿ ಊಟ ಮಾಡಿ ಬರುವಷ್ಟು, ಮೈದಾನದ ಹೊರಗಿನ ಅಪರಿಚಿತರನ್ನು ನಂಬುವಷ್ಟು ಬದಲಾವಣೆ ಕಾಣಲಿಲ್ಲ. ನನಗೆ ಇದು ನಿರಾಸೆಯ ಸುದ್ದಿ ಅನ್ನಿಸುವುದಿಲ್ಲ. ಸ್ನೇಹದ ಕೆಲಸ ಸ್ನೇಹ ಮಾಡಿತು. ಭಯ ಹೋಗಬೇಕಾದರೆ ನ್ಯಾಯ, ರಕ್ಷಣೆ, ಕಾನೂನು ಬೇಕು, ಆ ಭಾರವನ್ನೂ ಹುಡುಗರ ಫುಟ್‌ಬಾಲ್ ತಂಡದ ಮೇಲೆ ಹೊರಿಸಬಾರದು.

ಮೊಬೈಲಿನ ವಿಷಯದಲ್ಲೂ ಅಷ್ಟೇ. ದ್ವೇಷದ ಪೋಸ್ಟ್ ಹಂಚಬೇಡಿ ಅಂತ ಮಕ್ಕಳಿಗೆ ಹೇಳುವುದು ಸುಲಭ. 2017ರ ಆಗಸ್ಟಿನಿಂದ ಮ್ಯಾನ್ಮಾರ್‌ನಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಬೇಕಾಯಿತು. ದ್ವೇಷ ಹರಡಲು ಫೇಸ್‌ಬುಕ್ ಉಪಯುಕ್ತ ಸಾಧನವಾಗಿತ್ತು ಎಂದು ವಿಶ್ವಸಂಸ್ಥೆಯ ತನಿಖಾ ತಂಡ 2018ರಲ್ಲಿ ಹೇಳಿತು. ತಾನು ಸಾಕಷ್ಟು ಮಾಡಲಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡಿತು. ಯಾವುದು ಮೇಲೆ ಬರಬೇಕು ಎಂದು ತೀರ್ಮಾನಿಸುವವರು ಆ ಕಂಪನಿಯಲ್ಲಿರುವ ದೊಡ್ಡವರು, ಬೈಸಿಕೊಳ್ಳುವವರು ಮಾತ್ರ ಮಕ್ಕಳು.

ಕೊನೆಗೆ ಸುಡಾನಿಗೆ ಬರುತ್ತೇನೆ, ಯಾಕೆಂದರೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಅಲ್ಲಿ ಈಗ ಒಟ್ಟಿಗೆ ನಡೆಯುತ್ತಿದೆ. 2023ರ ಏಪ್ರಿಲ್ 15ರಂದು ಸೈನ್ಯ ಮತ್ತು ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆ ಅಧಿಕಾರಕ್ಕಾಗಿ ಕಾದಾಟ ಶುರುಮಾಡಿದವು. ಇಬ್ಬರು ಜನರಲ್‌ಗಳ ಜಗಳ ಎಂದರು. ದೇಶದ ಪಶ್ಚಿಮದ ಡಾರ್ಫುರ್ ಪ್ರಾಂತ್ಯ ತಲುಪುವಷ್ಟರಲ್ಲಿ ಅದು ಬಣ್ಣದ, ಕುಲದ ಕೊಲೆಯಾಯಿತು. ಅಲ್ಲಿನ ಎಲ್ ಜೆನೀನಾ ನಗರದಲ್ಲಿ ಆರ್‌ಎಸ್‌ಎಫ್ ಮತ್ತು ಅದರ ಜೊತೆಗಿದ್ದ ಪಡೆಗಳವರು ಮಸಾಲಿತ್ ಕುಲದ ಜನರನ್ನು ಹುಡುಕಿ ಹುಡುಕಿ ಕೊಂದರು, ಗುಲಾಮರು ಎಂದು ಬೈಯುತ್ತಾ ಕೊಂದರು ಎಂದು ಚಾಡ್ ದೇಶಕ್ಕೆ ಓಡಿಹೋಗಿ ಬದುಕಿದವರು ಹೇಳಿದ್ದಾರೆ. ಆ ಒಂದು ನಗರದಲ್ಲೇ 10ರಿಂದ 15 ಸಾವಿರ ಜನ ಸತ್ತಿರಬಹುದು ಎಂಬ ಅಂದಾಜು ವಿಶ್ವಸಂಸ್ಥೆಯ ತಜ್ಞರ ವರದಿಯಲ್ಲಿದೆ.

ಅದೇ ದೇಶದಲ್ಲಿ 2018 ಮತ್ತು 2019ರಲ್ಲಿ ಹುಡುಗ ಹುಡುಗಿಯರು ಬೀದಿಗೆ ಇಳಿದು ಮೂರು ದಶಕದ ಸರ್ವಾಧಿಕಾರ ಉರುಳಿಸಿದ್ದರು. ಸ್ವಾತಂತ್ರ್ಯ, ಶಾಂತಿ, ನ್ಯಾಯ ಅನ್ನುವುದು ಅವರ ಘೋಷಣೆ. ಯುದ್ಧ ಬಂದಾಗ ಅದೇ ಹುಡುಗರು ಬೀದಿ ಬೀದಿಯಲ್ಲಿ ತುರ್ತು ಸ್ಪಂದನಾ ಕೊಠಡಿ ಅಂತ ಶುರುಮಾಡಿದರು. ವಾಟ್ಸಾಪ್ ಗುಂಪು, ಒಂದಿಷ್ಟು ಚಂದಾ, ದೊಡ್ಡ ಪಾತ್ರೆಗಳು. ಹೊತ್ತಿಗೆ ಸರಿಯಾಗಿ ಬೇಯಿಸಿ ಬಡಿಸುತ್ತಾರೆ, ಬಂದವರು ಯಾವ ಕುಲ ಅಂತ ಕೇಳುವುದಿಲ್ಲ. ನೀರಿನ ಪಂಪು ರಿಪೇರಿ ಮಾಡಿಸುತ್ತಾರೆ, ಗಾಯಾಳುಗಳನ್ನು ಸಾಗಿಸುತ್ತಾರೆ, ಕದನದ ಮಧ್ಯೆ ಸಿಕ್ಕಿಕೊಂಡವರನ್ನು ಹೊರಗೆ ಕರೆತರುತ್ತಾರೆ. ಎರಡೂ ಕಡೆಯವರು ಇವರನ್ನು ಶತ್ರುವಿನ ಗೂಢಚಾರರು ಎಂದು ಹಿಡಿದಿದ್ದಾರೆ, ಹೊಡೆದಿದ್ದಾರೆ. ಹಲವರು ಜೀವ ಕಳೆದುಕೊಂಡಿದ್ದಾರೆ. 2025ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ ವರ್ಷದ ಆರಂಭದಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಇವರ ನೂರಾರು ಅಡುಗೆಮನೆಗಳು ಮುಚ್ಚಿದವು.

2023ರ ಮೇನಲ್ಲಿ ಸೌದಿಯ ಜೆದ್ದಾದಲ್ಲಿ ಮೊದಲ ಮಾತುಕತೆ ನಡೆದಾಗ ಮೇಜಿನ ಸುತ್ತ ಕೂತವರು ಎರಡು ಸೇನೆಗಳ ಪ್ರತಿನಿಧಿಗಳು, ಮತ್ತೆ ಮಧ್ಯಸ್ಥಿಕೆ ವಹಿಸಿದ ಅಮೆರಿಕ ಮತ್ತು ಸೌದಿಯವರು. ಬಂದೂಕು ಇದ್ದವರಿಗೆ ಕುರ್ಚಿ ಸಿಕ್ಕಿತು. ಊರು ಹಿಡಿದು ನಿಲ್ಲಿಸಿದ ಹುಡುಗರಿಗೆ ಇರಲಿಲ್ಲ. 2250ನೇ ನಿರ್ಣಯ ಬಂದು ಆಗಲೇ ಏಳು ವರ್ಷ ಕಳೆದಿತ್ತು. ಮುಂದಿನ ಮಾತುಕತೆ ಎಲ್ಲೇ ನಡೆಯಲಿ, ಯಾರೇ ಕರೆಯಲಿ, ಕರೆದವರಿಗೆ ನಾವು ಕೇಳಬೇಕಾದದ್ದು ಇಷ್ಟೇ: ಆ ಅಡುಗೆಮನೆಗಳಿಂದ ಯಾರನ್ನು ಕರೆದಿದ್ದೀರಿ, ಅವರು ಮಾತಾಡಿದ್ದಕ್ಕೆ ಒಪ್ಪಂದದಲ್ಲಿ ಎಷ್ಟು ಜಾಗ ಕೊಡುತ್ತೀರಿ, ಅವರ ಪಾತ್ರೆಗಳಿಗೆ ಅಕ್ಕಿ ಬೇಳೆ ಯಾವಾಗ ಕಳಿಸುತ್ತೀರಿ?